ಚಿಕನ್‌ಪಾಕ್ಸ್ ವಾಸಿಯಾದ ಮೇಲೆ ಕಣ್ಣು ಯಾಕೆ ಕೆಂಪಾಗುತ್ತೆ?

ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರೋ ಹೊತ್ತಿಗೆ ಪ್ರತಿ ವರ್ಷ ಇದೇ ಸುದ್ದಿ. ಪಕ್ಕದ ಮನೆ ಮಗುಗೆ ಅಮ್ಮ ಆಗಿದೆಯಂತೆ, ಪಿಜಿಯ ಮೂರನೇ ಮಹಡಿಯಲ್ಲಿ ಇಬ್ಬರಿಗೆ ಚಿಕನ್‌ಪಾಕ್ಸ್ ಅಂತೆ, ಆಫೀಸ್ ಗ್ರೂಪಲ್ಲಿ ಯಾರೋ ಎರಡು ವಾರ ವರ್ಕ್ ಫ್ರಮ್ ಹೋಮ್ ಕೇಳಿದಾರಂತೆ.

ಮೈಮೇಲಿನ ಗುಳ್ಳೆ ಬಗ್ಗೆ ಎಲ್ಲರಿಗೂ ಒಂದಿಷ್ಟು ಗೊತ್ತು. ಕಲೆ ಉಳಿಯುತ್ತಾ, ಕೆರೆಯಬಾರದಾ, ಒಗ್ಗರಣೆ ಹಾಕಬಾರದಾ, ಇದೆಲ್ಲ ಮನೆಯಲ್ಲೇ ಚರ್ಚೆ ಆಗುತ್ತೆ. ಇವತ್ತು ನಾನು ಮಾತಾಡೋದು ಕಣ್ಣಿನ ಬಗ್ಗೆ. ಚಿಕನ್‌ಪಾಕ್ಸ್ ಬಂದಾಗ, ಅಥವಾ ಬಂದು ಹೋದ ಮೇಲೆ, ಕಣ್ಣಿನ ಒಳಗೆ ಆಗೋ ಉರಿಯೂತದ ಬಗ್ಗೆ. ಇದು ಎಲ್ಲರಿಗೂ ಆಗಲ್ಲ. ಆದವರಲ್ಲೂ ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತೆ. ಆದರೆ ಇದನ್ನ ಮಾಮೂಲಿ ಕೆಂಗಣ್ಣು ಅಂದ್ಕೊಂಡು ಸುಮ್ಮನಿದ್ದರೆ, ಹೋಗೋದು ದೃಷ್ಟಿ. ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಓದಿ, ಒಬ್ಬರು ಕಣ್ಣಿನ ಡಾಕ್ಟರ್ ಹತ್ತಿರ ಕೂತು ಕೇಳಿ, ಅರ್ಥ ಆದದ್ದನ್ನ ಹೇಳ್ತೀನಿ. ಔಷಧ ಯಾವುದು ಅನ್ನೋದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ನಮ್ಮಲ್ಲಿ ಅಜ್ಜಿಯಂದಿರು "ಅಮ್ಮ ಬಂದು ಕಣ್ಣು ಹೋಯ್ತು" ಅಂತ ಹಿಂದಿನ ಕಾಲದ ಯಾರದೋ ಕಥೆ ಹೇಳ್ತಾರಲ್ಲ, ಅದು ಬಹುಪಾಲು ದೊಡ್ಡ ಸಿಡುಬಿನ ಕಥೆ, ಸ್ಮಾಲ್‌ಪಾಕ್ಸ್. ಅದರಿಂದ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ಹಾಳಾಗಿ ಕುರುಡಾದವರು ನಿಜಕ್ಕೂ ಬಹಳ ಜನ ಇದ್ದರು. ಭಾರತದಲ್ಲಿ ಆ ರೋಗದ ಕೊನೆಯ ಕೇಸು ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಜಗತ್ತಿನಿಂದಲೇ ಅದು ಹೋಯ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಈಗ ನಮಗೆ ಬರೋದು ಸೀತಾಳೆ ಸಿಡುಬು. ವೈರಸ್ಸೇ ಬೇರೆ, ಕುಟುಂಬವೇ ಬೇರೆ. ಆದರೆ ಎರಡಕ್ಕೂ "ಅಮ್ಮ" ಅಂತಲೇ ಕರೆದಿದ್ದರಿಂದ, ಹಳೇ ಭಯ ಹೊಸ ರೋಗಕ್ಕೆ ಅಂಟಿಕೊಂಡಿದೆ. ವಿಚಿತ್ರ ಏನಂದ್ರೆ ಭಯ ಮಾತ್ರ ಉಳ್ಕೊಂಡಿದೆ, ಕಣ್ಣು ತೋರಿಸ್ಕೊಂಡು ಬರೋಣ ಅನ್ನೋ ಯೋಚನೆ ಬರಲ್ಲ. ಹಾಗೇ, ಚಿಕನ್‌ಪಾಕ್ಸಿಗೂ ಕೋಳಿಗೂ ಏನೂ ಸಂಬಂಧ ಇಲ್ಲ. ಕೋಳಿ ತಿಂದಿದ್ದಕ್ಕೆ ಬಂತು ಅನ್ನೋರು ನನ್ನ ಕಾಮೆಂಟಲ್ಲಿ ಇನ್ನೂ ಸಿಗ್ತಾರೆ.

ಸರಿ, ವೈರಸ್ ಏನ್ಮಾಡುತ್ತೆ? ಇದರ ಪೂರ್ತಿ ಹೆಸರು ವ್ಯಾರಿಸೆಲ್ಲಾ ಜೋಸ್ಟರ್. ಹರ್ಪಿಸ್ ಕುಟುಂಬದ್ದು. ಸೋಂಕಿದ ಮೇಲೆ 10ರಿಂದ 21 ದಿನ ಏನೂ ಗೊತ್ತಾಗಲ್ಲ. ಆಮೇಲೆ ಜ್ವರ, ಮೈಕೈ ನೋವು, ನೀರುಗುಳ್ಳೆ. ಗುಳ್ಳೆ ಏಳೋಕೆ ಒಂದೆರಡು ದಿನ ಮುಂಚೆಯಿಂದ ಹಿಡಿದು, ಎಲ್ಲಾ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೂ ಇನ್ನೊಬ್ಬರಿಗೆ ಹರಡುತ್ತೆ. ವೈರಸ್ ರಕ್ತದಲ್ಲಿ ಇಡೀ ಮೈ ಸುತ್ತುತ್ತೆ, ಹಾಗಾಗಿ ಕಣ್ಣಿಗೂ ಅದು ತಲುಪಬಹುದು.

ಕಣ್ಣಲ್ಲಿ ಆಗೋದೆಲ್ಲ ಒಂದೇ ಥರ ಅಲ್ಲ. ರೆಪ್ಪೆ ಮೇಲೆ ಗುಳ್ಳೆ ಏಳೋದು ಸಾಮಾನ್ಯ. ನೋಡೋಕೆ ಭಯ ಆಗುತ್ತೆ, ಕಣ್ಣು ಊದಿಕೊಳ್ಳುತ್ತೆ, ಆದರೆ ಸಾಮಾನ್ಯವಾಗಿ ಮೈಮೇಲಿನ ಗುಳ್ಳೆ ಥರಾನೇ ಒಣಗಿ ಹೋಗುತ್ತೆ. ಬಿಳಿಗುಡ್ಡೆ ಮೇಲೆ ಒಂದು ಸಣ್ಣ ಗುಳ್ಳೆ ಎದ್ದು ಸುತ್ತ ಕೆಂಪಾಗೋದೂ ಉಂಟು. ಅದಕ್ಕಿಂತ ಒಳಗೆ ಹೋದರೆ ಕಾರ್ನಿಯಾ. ಅಲ್ಲಿ ಉರಿಯೂತ ಆದರೆ ಕೆರಟೈಟಿಸ್. ಮಂಜು ಕವಿದ ಕಿಟಕಿ ಥರ ಕಾಣ್ಸುತ್ತೆ, ಮತ್ತು ಇದು ಚಿಕನ್‌ಪಾಕ್ಸ್ ವಾಸಿಯಾಗಿ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳಾದ ಮೇಲೂ ಬರಬಹುದು. ಇನ್ನೂ ಒಳಗೆ ಇರೋದು ಐರಿಸ್, ಕಣ್ಣಿಗೆ ಕಪ್ಪು, ಕಂದು ಬಣ್ಣ ಕೊಡೋ ಪರದೆ. ಅದರ ಮಧ್ಯದ ತೂತೇ ಪಾಪೆ. ಈ ಐರಿಸ್ ಭಾಗದ ಉರಿಯೂತಕ್ಕೆ ಹೆಸರು ಆಂಟೀರಿಯರ್ ಯುವೈಟಿಸ್. ಇವತ್ತಿನ ಸಂಚಿಕೆಯ ಮುಖ್ಯ ಪಾತ್ರ ಇದೇ.

ಯಾಕಂದ್ರೆ ಹೊರಗಿನಿಂದ ನೋಡಿದ್ರೆ ಇದು ಕಾಣೋದು ಬರೀ ಕೆಂಪು ಕಣ್ಣಾಗಿ. ನಮ್ಮೂರಲ್ಲಿ ಕೆಂಪು ಕಣ್ಣು ಅಂದ ತಕ್ಷಣ "ಮದ್ರಾಸ್ ಐ" ಅಂತ ತೀರ್ಪು ಕೊಟ್ಟು, ಕೂಲಿಂಗ್ ಗ್ಲಾಸ್ ಹಾಕಿಸಿ ಮುಗಿಸ್ತಾರೆ. ಎರಡಕ್ಕೂ ವ್ಯತ್ಯಾಸ ಇದೆ. ಮಾಮೂಲಿ ಕೆಂಗಣ್ಣಲ್ಲಿ ಮರಳು ಬಿದ್ದ ಹಾಗೆ ಕಿರಿಕಿರಿ, ಬೆಳಗ್ಗೆ ಎದ್ದಾಗ ಪಿಸುರು ಕಟ್ಟಿ ರೆಪ್ಪೆ ಅಂಟಿರುತ್ತೆ, ಪಿಸುರು ಒರೆಸಿದ ಮೇಲೆ ದೃಷ್ಟಿ ಸರಿಯಾಗೇ ಇರುತ್ತೆ. ಯುವೈಟಿಸ್‌ನಲ್ಲಿ ಪಿಸುರು ಇರಲ್ಲ. ಕಣ್ಣಿನ ಆಳದಲ್ಲಿ ಸೆಳೆತದಂಥ ನೋವು. ಬೆಳಕು ಕಂಡ್ರೆ ಆಗಲ್ಲ. ಕೆಂಪು ಹೆಚ್ಚಾಗಿ ಕರಿಗುಡ್ಡೆಯ ಸುತ್ತ ಉಂಗುರದ ಹಾಗೆ ಇರುತ್ತೆ. ಒರೆಸಿದರೂ ಮಸುಕು ಹೋಗಲ್ಲ. ಇನ್ನೊಂದು ಸೂಚನೆ ಕೇಳಿ ನನಗೆ ಆಶ್ಚರ್ಯ ಆಯ್ತು: ಚೆನ್ನಾಗಿರೋ ಕಣ್ಣಿಗೆ ಬೆಳಕು ಬಿದ್ದರೂ, ಕೆಟ್ಟಿರೋ ಕಣ್ಣು ನೋಯುತ್ತೆ. ಒಂದು ಕಣ್ಣಿನ ಪಾಪೆ ಚಿಕ್ಕದಾದರೆ ಇನ್ನೊಂದರದ್ದೂ ಜೊತೆಗೇ ಚಿಕ್ಕದಾಗುತ್ತೆ, ಆಗ ಉರಿಯೂತ ಇರೋ ಐರಿಸ್ ಎಳೆದ ಹಾಗಾಗುತ್ತೆ. ಇದನ್ನ ಮನೆಯಲ್ಲಿ ಫೋನ್ ಟಾರ್ಚ್ ಹಿಡಿದು ಪರೀಕ್ಷೆ ಮಾಡಿ ಅಂತ ಹೇಳ್ತಿಲ್ಲ. ಡಾಕ್ಟರ್ ಹತ್ತಿರ ಹೋದಾಗ "ಬೆಳಕಿಗೆ ನೋವಾಗುತ್ತೆ" ಅನ್ನೋದನ್ನ ಮರೆಯದೆ ಹೇಳಿ, ಅಷ್ಟೇ.

ಇನ್ನು ಸಮಯದ ಲೆಕ್ಕ. ಇದೇ ಜನರನ್ನ ಮೋಸ ಮಾಡೋದು. ಉರಿಯೂತ ಗುಳ್ಳೆಗಳ ಜೊತೆಗೇ ಬರಬಹುದು, ಆದರೆ ಎಷ್ಟೋ ಸಲ ಗುಳ್ಳೆ ಎದ್ದು ಒಂದೆರಡು ವಾರ ಆದ ಮೇಲೆ ಕಾಣಿಸ್ಕೊಳ್ಳುತ್ತೆ. ಅಷ್ಟೊತ್ತಿಗೆ ಬೇವಿನ ಸೊಪ್ಪಿನ ನೀರು ಹಾಕಿಸ್ಕೊಂಡು, ಮೊಸರನ್ನ ಎಡೆ ಇಟ್ಟು, ರಜೆ ಮುಗಿಸಿ, ಎಲ್ಲಾ ಆಯ್ತು ಅಂತ ನಾವು ಕೆಲಸಕ್ಕೆ ಬಂದಿರ್ತೀವಿ. ಕೆಂಪು ಕಣ್ಣಿಗೂ ಹೋದ ವಾರದ ಗುಳ್ಳೆಗೂ ಸಂಬಂಧ ಇರಬಹುದು ಅಂತ ಹೊಳೆಯೋದೇ ಇಲ್ಲ.

ನನ್ನ ಹಳೇ ರೂಮ್‌ಮೇಟ್‌ಗೆ ಆಗಿದ್ದು ಹೀಗೇ. ತಿಪಟೂರು ಕಡೆಯವನು, ಆಗ 26 ವಯಸ್ಸು, ಅಕೌಂಟ್ಸ್ ಕೆಲಸ. ಊರಿಗೆ ಹೋಗಿ ವಾಸಿ ಮಾಡ್ಕೊಂಡು ಬಂದ. ಆಫೀಸಿಗೆ ಹೋದ ಮೂರನೇ ದಿನ, "ಮಗಾ, ಟ್ಯೂಬ್‌ಲೈಟ್ ನೋಡಕ್ಕಾಗ್ತಿಲ್ಲ ಕಣೋ" ಅಂದ. ಮನೆಗೆ ಫೋನ್ ಮಾಡಿದ್ರೆ ಅವರಮ್ಮ, "ಕಣ್ಣಿಗೆ ಏನೂ ಹಾಕ್ಬೇಡಪ್ಪ, ನಂದಿಬಟ್ಟಲು ಹೂ ಇಟ್ಕೊಂಡು ಮಲ್ಕೋ, ತಂಪಾಗತ್ತೆ" ಅಂದ್ರು. ರೂಮಿನ ಹತ್ತಿರದ ಮೆಡಿಕಲ್ ಶಾಪಲ್ಲಿ ಕೇಳಿದ್ರೆ, ಕಣ್ಣನ್ನ ದೂರದಿಂದ ನೋಡಿ ಒಂದು ಆಂಟಿಬಯೋಟಿಕ್ ಡ್ರಾಪ್ಸ್ ಕೊಟ್ಟರು. ಆ ಡ್ರಾಪ್ಸ್ ಕೆಟ್ಟದ್ದೇನಲ್ಲ. ಆದರೆ ಅವನಿಗೆ ಆಗಿದ್ದಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಎರಡು ದಿನ ಅದರಲ್ಲೇ ಹೋಯ್ತು. ಎಕ್ಸೆಲ್ ಶೀಟಲ್ಲಿ 3 ಯಾವುದು 8 ಯಾವುದು ಗೊತ್ತಾಗ್ತಿಲ್ಲ ಅಂದಾಗ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ.

ಅಲ್ಲಿ ಗಲ್ಲ ಇಟ್ಟು, ಹಣೆ ಒತ್ತಿ ಕೂರಿಸ್ತಾರಲ್ಲ, ಆ ಯಂತ್ರದ ಹೆಸರು ಸ್ಲಿಟ್ ಲ್ಯಾಂಪ್. ತೆಳ್ಳಗಿನ ಬೆಳಕಿನ ಪಟ್ಟಿಯನ್ನ ಓರೆಯಾಗಿ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಹಳೇ ಟಾಕೀಸಲ್ಲಿ ಪ್ರೊಜೆಕ್ಟರ್ ಬೆಳಕಿನಲ್ಲಿ ಧೂಳಿನ ಕಣ ತೇಲ್ತಿರೋದು ನೋಡಿದೀರಾ? ಉರಿಯೂತ ಇರೋ ಕಣ್ಣಿನ ಒಳಗಿನ ನೀರಲ್ಲಿ ಹಾಗೇ ಬಿಳಿರಕ್ತಕಣಗಳು ತೇಲೋದು ಕಾಣುತ್ತೆ. ಆರೋಗ್ಯವಂತ ಕಣ್ಣಲ್ಲಿ ಆ ನೀರು ತಿಳಿಯಾಗಿರುತ್ತೆ. ಹಾಗಾಗಿ ಫೋಟೋ ವಾಟ್ಸಾಪ್ ಮಾಡಿ "ಇದೇನು ಡಾಕ್ಟ್ರೇ" ಅಂತ ಕೇಳಿದ್ರೆ ಯಾವ ಡಾಕ್ಟರಿಗೂ ಇದು ಗೊತ್ತಾಗಲ್ಲ. ಫೋನ್ ಕ್ಯಾಮೆರಾಗೆ ಆ ಕಣ ಕಾಣಲ್ಲ. ಕಾರ್ನಿಯಾ ಮೇಲೆ ಗಾಯ ಇದೆಯಾ ಅಂತ ನೋಡೋಕೆ ಹಳದಿ-ಕಿತ್ತಳೆ ಬಣ್ಣದ ಫ್ಲೋರೆಸಿನ್ ಹಾಕ್ತಾರೆ, ನೀಲಿ ಬೆಳಕಲ್ಲಿ ಗಾಯ ಇರೋ ಕಡೆ ಹಸಿರಾಗಿ ಹೊಳೆಯುತ್ತೆ. ಕಣ್ಣಿನ ಒತ್ತಡವನ್ನೂ ಅಳೀತಾರೆ.

ಒತ್ತಡ ಯಾಕೆ? ಉರಿಯೂತ ಆದಾಗ ಐರಿಸ್‌ನ ರಕ್ತನಾಳಗಳು ಸೋರ್ತವೆ. ಪ್ರೋಟೀನ್ ಮತ್ತು ಕಣಗಳು ಒಳಗಿನ ನೀರಿಗೆ ಬಂದು ಅದು ಅಂಟಂಟಾಗುತ್ತೆ. ಐರಿಸ್ ತನ್ನ ಹಿಂದಿರೋ ಲೆನ್ಸಿಗೆ ಅಂಟಿಕೊಳ್ಳೋಕೆ ಶುರುವಾಗುತ್ತೆ, ಪಾಪೆಯ ಆಕಾರ ಸೊಟ್ಟ ಆಗುತ್ತೆ. ಸುತ್ತ ಪೂರ್ತಿ ಅಂಟಿಬಿಟ್ಟರೆ ನೀರು ಹರಿಯೋಕೆ ದಾರಿ ಇಲ್ಲ, ಒತ್ತಡ ಏರುತ್ತೆ. ಜೊತೆಗೆ ಈ ವೈರಸ್‌ಗೆ ನೀರು ಹೊರಗೆ ಬಸಿಯೋ ಜಾಲರಿಯಲ್ಲೇ ಉರಿಯೂತ ಮಾಡೋ ಅಭ್ಯಾಸವೂ ಇದೆ. ಒತ್ತಡ ಹೆಚ್ಚಾಗಿ ಹಾಗೇ ಉಳಿದರೆ ಕಣ್ಣಿನ ನರ ಹಾಳಾಗುತ್ತೆ, ಅದೇ ಗ್ಲಾಕೋಮಾ. ಹಾಳಾದ ನರ ಮತ್ತೆ ಬರಲ್ಲ. ಉರಿಯೂತ ಬಹಳ ದಿನ ಇದ್ದರೆ ಪೊರೆಯೂ ಬರಬಹುದು, ಇಪ್ಪತ್ತರ ಹರೆಯದಲ್ಲೇ.

ನನ್ನ ಗೆಳೆಯನ ಐರಿಸ್ ಒಂದು ಕಡೆ ಅಂಟೋಕೆ ಶುರುವಾಗಿತ್ತು. ಪಾಪೆ ಅಗಲ ಮಾಡೋ ಡ್ರಾಪ್ಸ್, ಉರಿಯೂತ ಇಳಿಸೋ ಸ್ಟೀರಾಯ್ಡ್ ಡ್ರಾಪ್ಸ್, ಜೊತೆಗೆ ವೈರಸ್ ವಿರುದ್ಧದ ಮಾತ್ರೆ ಕೊಟ್ಟರು. ಪಾಪೆ ಅಗಲ ಮಾಡೋದರಿಂದ ಎರಡು ಲಾಭ: ಒಳಗಿನ ಸ್ನಾಯುವಿನ ಸೆಳೆತ ನಿಂತು ನೋವು ಇಳಿಯುತ್ತೆ, ಐರಿಸ್ ಲೆನ್ಸಿನಿಂದ ದೂರ ಸರಿದು ಅಂಟು ಬಿಡುತ್ತೆ. ತೊಂದರೆ ಏನಂದ್ರೆ ಹತ್ತಿರದ್ದು ಏನೂ ಕಾಣಲ್ಲ. ಫೋನ್ ಅಂತೂ ಮುಗೀತು. ಆ ವಾರ ಅವನು ನನ್ನ ಹಳೇ ಸಂಚಿಕೆಗಳನ್ನೆಲ್ಲ ಕೇಳಿ ಮುಗಿಸಿದ, ನನ್ನ ಚಾನಲ್‌ನ ಅತಿ ನಿಷ್ಠಾವಂತ ಕೇಳುಗ ಆಗಿದ್ದು ಹಾಗೆ. ಸ್ಟೀರಾಯ್ಡ್ ಡ್ರಾಪ್ಸನ್ನ ದಿಢೀರ್ ನಿಲ್ಲಿಸದೆ ವಾರದಿಂದ ವಾರಕ್ಕೆ ಕಡಿಮೆ ಮಾಡಿಸಿದ್ರು. ಒಂದೂವರೆ ತಿಂಗಳಲ್ಲಿ ಕಣ್ಣು ತಿಳಿಯಾಯ್ತು. ಈಗ 3 ಮೂರಾಗೇ ಕಾಣುತ್ತೆ.

ಈ ಸ್ಟೀರಾಯ್ಡ್ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಡಾಕ್ಟರ್ ನೋಡಿ, ಒತ್ತಡ ಅಳೆದು ಕೊಟ್ಟರೆ ಅದು ಕಣ್ಣು ಉಳಿಸೋ ಔಷಧ. ಅದೇ ಡ್ರಾಪ್ಸನ್ನ ಯಾರದೋ ಹಳೇ ಚೀಟಿ ಇಟ್ಕೊಂಡು ಕೌಂಟರಲ್ಲಿ ತಗೊಂಡು ಹಾಕ್ಕೊಂಡರೆ ಕಥೆ ಉಲ್ಟಾ. ಕಾರ್ನಿಯಾ ಮೇಲೆ ವೈರಸ್ ಜೀವಂತ ಇದ್ದು ಹುಣ್ಣು ಆಗಿದ್ದರೆ ಅದು ಹರಡಬಹುದು, ಹರ್ಪಿಸ್ ಸಿಂಪ್ಲೆಕ್ಸ್ ಅನ್ನೋ ಸೋದರ ವೈರಸ್ ಆಗಿದ್ದರಂತೂ ಇನ್ನೂ ಕೆಟ್ಟದ್ದು. ತಿಂಗಳುಗಟ್ಟಲೆ ಹಾಕಿದ್ರೆ ಸ್ಟೀರಾಯ್ಡೇ ಗ್ಲಾಕೋಮಾ ಮತ್ತು ಪೊರೆ ತರುತ್ತೆ. ಮೊದಲ ದಿನ ಕೆಂಪು ಇಳಿದು ಹಾಯ್ ಅನ್ನಿಸುತ್ತೆ, ಅದೇ ಅಪಾಯ. ನನ್ನ ಅಭಿಪ್ರಾಯ ಕೇಳಿದ್ರೆ, ಬೇವಿನ ಸೊಪ್ಪಿನ ಮೇಲೆ ಮಲಗೋದರಿಂದ ಆಗೋ ನಷ್ಟಕ್ಕಿಂತ ಚೀಟಿ ಇಲ್ಲದ ಐ ಡ್ರಾಪ್ಸ್‌ನಿಂದ ಆಗೋ ನಷ್ಟ ದೊಡ್ಡದು. ಬೇವು, ಎಡೆ, ಪೂಜೆ ಮನೆಯವರ ಸಮಾಧಾನಕ್ಕೆ ಇರಲಿ, ಅದರ ಜೊತೆ ನನ್ನ ಜಗಳ ಇಲ್ಲ. ಕಣ್ಣಿನ ಒಳಗೆ ಹರಳೆಣ್ಣೆ, ಎದೆಹಾಲು, ಹೂವಿನ ರಸ ಬಿಡೋದು ಮಾತ್ರ ಬೇಡ. ಅದು ಶುದ್ಧ ಅಂತ ಅನ್ನಿಸಿದ್ರೂ ಕಣ್ಣಿನ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಒಳಗೆ ಬಿಟ್ಟ ಹಾಗೆ. "ಅಮ್ಮ ಇರೋವಾಗ ಔಷಧ ಮುಟ್ಟಬಾರದು" ಅನ್ನೋದರ ಜೊತೆ ಮಾತ್ರ ಜಗಳ ಆಡ್ಲೇಬೇಕು, ಯಾಕಂದ್ರೆ ಔಷಧಕ್ಕೆ ಟೈಮಿಂಗ್ ಇದೆ.

ಆ ಔಷಧ ಅಸೈಕ್ಲೋವಿರ್. ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ತಂಡದ ಕೆಲಸದಿಂದ ಬಂದದ್ದು. 1988ರಲ್ಲಿ ಅವರಿಗೆ ನೊಬೆಲ್ ಹಂಚಿಕೆಯಾಗಿ ಬಂತು. ಇದರ ಜಾಣತನ ಏನಂದ್ರೆ, ಆರೋಗ್ಯವಂತ ಜೀವಕೋಶದಲ್ಲಿ ಇದು ಹೆಚ್ಚುಕಮ್ಮಿ ಸುಮ್ಮನಿರುತ್ತೆ. ವೈರಸ್‌ನದ್ದೇ ಒಂದು ಕಿಣ್ವ ಮುಟ್ಟಿದಾಗ ಮಾತ್ರ ಚಾಲೂ ಆಗಿ, ವೈರಸ್ ತನ್ನ ಡಿಎನ್‌ಎ ನಕಲು ಮಾಡೋದನ್ನ ನಿಲ್ಲಿಸುತ್ತೆ. ಕಳ್ಳನ ಕೈಯಲ್ಲೇ ಬೀಗ ಹಾಕಿಸಿದ ಹಾಗೆ. ಚಿಕನ್‌ಪಾಕ್ಸ್‌ಗೆ ಗುಳ್ಳೆ ಕಾಣಿಸಿದ 24 ಗಂಟೆಯೊಳಗೆ ಶುರು ಮಾಡಿದ್ರೆ ಒಳ್ಳೇ ಫಲ. ಆರೋಗ್ಯವಾಗಿರೋ ಸಣ್ಣ ಮಕ್ಕಳಿಗೆ ಎಷ್ಟೋ ಸಲ ಇದು ಬೇಕಾಗೋದೇ ಇಲ್ಲ. ದೊಡ್ಡವರಿಗೆ ಡಾಕ್ಟರ್ ಸಾಮಾನ್ಯವಾಗಿ ಬರೀತಾರೆ, ದಿನಕ್ಕೆ 5 ಸಲ, ಒಂದು ವಾರ. ನಾಲ್ಕನೇ ದಿನಕ್ಕೆ ಬೇಜಾರಾಗಿ ಬಿಡೋರೇ ಜಾಸ್ತಿ. ಫೋನಲ್ಲಿ ಅಲಾರ್ಮ್ ಇಟ್ಕೊಳ್ಳಿ, ನೀರು ಚೆನ್ನಾಗಿ ಕುಡೀರಿ. ಮತ್ತೊಂದು, ಮಕ್ಕಳಿಗೆ ಜ್ವರಕ್ಕೆ ಆಸ್ಪಿರಿನ್ ಕೊಡಬೇಡಿ. ಚಿಕನ್‌ಪಾಕ್ಸ್ ಇದ್ದಾಗ ಅದರಿಂದ ರೈಸ್ ಸಿಂಡ್ರೋಮ್ ಅನ್ನೋ, ಮೆದುಳು ಮತ್ತು ಲಿವರ್‌ಗೆ ಪೆಟ್ಟು ಕೊಡೋ ಅಪರೂಪದ ಕಾಯಿಲೆ ಬರಬಹುದು.

"ಇದು ಮಕ್ಕಳ ರೋಗ ಅಲ್ವಾ, ನಮಗ್ಯಾಕೆ?" ಅಂತ ಕೇಳೋರಿಗೆ: ತಂಪು ದೇಶಗಳಲ್ಲಿ ಬಹುತೇಕ ಎಲ್ಲರಿಗೂ ಚಿಕ್ಕವರಿದ್ದಾಗಲೇ ಬಂದು ಹೋಗುತ್ತೆ. ನಮ್ಮಂಥ ಬಿಸಿ ದೇಶಗಳಲ್ಲಿ ದೊಡ್ಡವರಾಗೋವರೆಗೂ ಬರದೇ ಇರೋರು ಜಾಸ್ತಿ. ಅಂಥವರು ಊರು ಬಿಟ್ಟು ಬೆಂಗಳೂರಿಗೆ ಬಂದು, ಮೂರು ಶೇರಿಂಗ್ ಪಿಜಿ ರೂಮಲ್ಲಿ ಒಟ್ಟಿಗೆ ಮಲಗ್ತಾರೆ. ದೊಡ್ಡವರಿಗೆ ಬಂದಾಗ ಈ ರೋಗ ಮಕ್ಕಳಿಗಿಂತ ಜೋರಾಗೇ ಇರುತ್ತೆ. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರೋರಿಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ಅದಕ್ಕೇ ಗುಳ್ಳೆ ಇನ್ನೂ ಹಸಿ ಇರುವಾಗ ಕಣ್ಣು ತೋರಿಸ್ಬೇಕಾಗಿ ಬಂದರೆ, ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಹೇಳಿ, ಅಥವಾ ಬಾಗಿಲಲ್ಲೇ ಹೇಳಿ. ಓಪಿಡಿ ಬೆಂಚಲ್ಲಿ ನಿಮ್ಮ ಪಕ್ಕ ಯಾರು ಕೂತಿರ್ತಾರೋ ಗೊತ್ತಿರಲ್ಲ. ದುಡ್ಡಿನ ಚಿಂತೆ ಇರೋರಿಗೆ, ಬೆಂಗಳೂರಲ್ಲಿ 1896ರಲ್ಲಿ ಶುರುವಾದ ಮಿಂಟೋ ಕಣ್ಣಿನ ಆಸ್ಪತ್ರೆ ಸರ್ಕಾರಿಯೇ. ಊರಲ್ಲಿದ್ದರೆ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೇಳಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಮಾತು. ನಾಲ್ಕು ವರ್ಷದ ಮಗು "ನನಗೆ ಮಸುಕಾಗಿ ಕಾಣ್ತಿದೆ" ಅಂತ ಹೇಳಲ್ಲ. ಒಂದು ಕಣ್ಣು ಸರಿ ಇದ್ದರೆ ಅದರಲ್ಲೇ ಎಲ್ಲಾ ಕೆಲಸ ಮಾಡ್ಕೊಂಡುಬಿಡುತ್ತೆ. ಬಿಸಿಲಿಗೆ ಹೋದಾಗ ಒಂದು ಕಣ್ಣು ಮುಚ್ಕೊಳ್ಳುತ್ತಾ, ಟಿವಿ ಮುಂದೆ ತಲೆ ಓರೆ ಮಾಡುತ್ತಾ, ಆಟದ ಥರ ಒಂದು ಕಣ್ಣಿಗೆ ಕೈ ಅಡ್ಡ ಇಟ್ಟರೆ ರೇಗುತ್ತಾ, ಇದನ್ನ ಗುಳ್ಳೆ ಒಣಗಿದ ಮೇಲೂ ಕೆಲವು ವಾರ ಗಮನಿಸಿ. ಉಗುರು ಕತ್ತರಿಸಿ. ರೆಪ್ಪೆ ಕೆರೆದು ಬ್ಯಾಕ್ಟೀರಿಯಾ ಸೇರೋದು ವೈರಸ್‌ಗಿಂತ ಹೆಚ್ಚು ಕಲೆ ಉಳಿಸುತ್ತೆ.

ತೀರಾ ಅಪರೂಪಕ್ಕೆ ವೈರಸ್ ಕಣ್ಣಿನ ಹಿಂಭಾಗದ ರೆಟಿನಾಗೆ ಹೋಗುತ್ತೆ. ಅಕ್ಯೂಟ್ ರೆಟಿನಲ್ ನೆಕ್ರೋಸಿಸ್ ಅಂತಾರೆ, 1971ರಲ್ಲಿ ಜಪಾನಿನ ಉರಯಾಮ ಮೊದಲು ವಿವರಿಸಿದ್ದು. ಕಣ್ಣ ಮುಂದೆ ದಿಢೀರ್ ಅಂತ ಕಪ್ಪು ಚುಕ್ಕೆಗಳು ತೇಲೋದು, ಪಕ್ಕದ ದೃಷ್ಟಿ ಕಿರಿದಾಗೋದು ಆದ್ರೆ ನಾಳೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ, ಅವತ್ತೇ ಹೋಗಿ.

ಈಗ ಕಥೆಯ ಎರಡನೇ ಭಾಗ. ನಮ್ಮ ಕಾಮರ್ಸ್‌ನವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಬ್ಯಾಂಕಲ್ಲಿ ಡಾರ್ಮೆಂಟ್ ಅಕೌಂಟ್ ಇರುತ್ತಲ್ಲ, ವಹಿವಾಟಿಲ್ಲ, ಆದರೆ ಕ್ಲೋಸ್ ಆಗಿಲ್ಲ. ಚಿಕನ್‌ಪಾಕ್ಸ್ ವೈರಸ್ ಹಾಗೇ. ವಾಸಿಯಾದ ಮೇಲೆ ಅದು ಮೈಬಿಟ್ಟು ಹೋಗಲ್ಲ, ನರಗಳ ಗಂಟುಗಳಲ್ಲಿ ಮಲಗಿರುತ್ತೆ. ವಯಸ್ಸಾದಾಗ, ರೋಗನಿರೋಧಕ ಶಕ್ತಿ ಕುಗ್ಗಿದಾಗ, ಒಂದು ನರದ ದಾರಿ ಹಿಡಿದು ಮತ್ತೆ ಚರ್ಮಕ್ಕೆ ಬರುತ್ತೆ. ಅದೇ ಸರ್ಪಸುತ್ತು. ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಅನ್ನೋ ಸಣ್ಣ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್, ತನ್ನ ಹತ್ತಿರ ಬರ್ತಿದ್ದ ರೋಗಿಗಳ ಲೆಕ್ಕ ವರ್ಷಗಟ್ಟಲೆ ಬರೆದಿಟ್ಟು, 1965ರಲ್ಲಿ ಈ ಮಲಗಿ ಏಳೋ ವಾದವನ್ನ ಮಂಡಿಸಿದ. ದೊಡ್ಡ ಲ್ಯಾಬ್ ಏನೂ ಇರಲಿಲ್ಲ. ಶ್ರದ್ಧೆಯಿಂದ ಬರೆದ ಲೆಡ್ಜರ್ ಅಷ್ಟೇ. ನನಗೆ ಈ ಮನುಷ್ಯ ಬಹಳ ಇಷ್ಟ.

ಸರ್ಪಸುತ್ತು ಅಂದ್ರೆ ಸೊಂಟದ ಸುತ್ತ ಮಾತ್ರ ಅಂದ್ಕೋಬೇಡಿ. ಮುಖದ ಟ್ರೈಜೆಮಿನಲ್ ನರದ ಮೇಲಿನ ಕವಲಲ್ಲಿ ಎದ್ದರೆ ಹಣೆ, ಮೇಲ್ರೆಪ್ಪೆ, ಮೂಗಿನ ಒಂದು ಪಕ್ಕ ಗುಳ್ಳೆ ಏಳ್ತವೆ. ಒಟ್ಟು ಸರ್ಪಸುತ್ತಿನಲ್ಲಿ ಸುಮಾರು 10ರಿಂದ 20 ಪರ್ಸೆಂಟ್ ಇಲ್ಲಿ ಬರುತ್ತೆ. ಔಷಧ ಸಿಗದಿದ್ದರೆ ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಕಣ್ಣಿಗೆ ತೊಂದರೆ ಆಗುತ್ತೆ. ಚಿಕನ್‌ಪಾಕ್ಸ್‌ನಲ್ಲಿ ಬರೋ ಕಣ್ಣಿನ ಉರಿಯೂತಕ್ಕಿಂತ ಇದು ಗಟ್ಟಿ, ಹಠಮಾರಿ. ಲಂಡನ್ನಿನ ಜೊನಾಥನ್ ಹಚಿನ್ಸನ್ 1860ರ ದಶಕದಲ್ಲೇ ಒಂದು ಗುರುತು ಹೇಳಿದ್ದ: ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಬರೋ ಸಾಧ್ಯತೆ ಹೆಚ್ಚು. ಮೂಗಿನ ತುದಿಗೂ ಕಣ್ಣಿನ ಒಳಗೂ ಹೋಗೋದು ಅದೇ ನರದ ಕವಲು. ಮೂಗಿನ ತುದಿ ಖಾಲಿ ಇದೆ ಅಂತ ನಿಶ್ಚಿಂತೆ ಆಗೋ ಹಾಗೂ ಇಲ್ಲ. ಹಣೆ ಮೇಲೆ ಒಂದೇ ಪಕ್ಕ ಉರಿ, ಗುಳ್ಳೆ ಕಂಡರೆ 72 ಗಂಟೆಯೊಳಗೆ ಔಷಧ ಶುರುವಾಗ್ಬೇಕು. ನಿಮ್ಮ ಅಜ್ಜಿ, ತಾತ ಫೋನಲ್ಲಿ "ಹಣೆ ಮೇಲೆ ಸರ್ಪಸುತ್ತು ಎದ್ದಿದೆ ಕಣಪ್ಪ, ಕೆಮ್ಮಣ್ಣು ಹಚ್ಚಿಸ್ಕೊಂಡ್ ಬಂದೆ" ಅಂದ್ರೆ ಅದು ಹಬ್ಬಕ್ಕೆ ಊರಿಗೆ ಹೋದಾಗ ನೋಡೋ ವಿಷಯ ಅಲ್ಲ.

ಲಸಿಕೆ ಬಗ್ಗೆ ಇನ್‌ಬಾಕ್ಸಲ್ಲಿ ತುಂಬ ಪ್ರಶ್ನೆ ಇವೆ. ಜಪಾನಿನ ಮಿಚಿಯಾಕಿ ತಕಾಹಾಶಿ, ತನ್ನ ಮಗನಿಗೆ ಚಿಕನ್‌ಪಾಕ್ಸ್ ಬಂದು ನರಳಿದ್ದು ನೋಡಿದ ಮೇಲೆ ಕೆಲಸಕ್ಕೆ ಇಳಿದು 1974ರಲ್ಲಿ ಲಸಿಕೆ ತಯಾರಿಸಿದ್ರು. ಅಮೆರಿಕದಲ್ಲಿ 1995ರಿಂದ ಮಕ್ಕಳಿಗೆ ಕೊಡ್ತಿದ್ದಾರೆ. ನಮ್ಮಲ್ಲಿ ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ದಡಾರದ ಲಸಿಕೆ ಇದೆ, ಇದು ಇಲ್ಲ. ದುಡ್ಡು ಕೊಟ್ಟು ಹಾಕಿಸ್ಕೋಬೇಕು. ಮಕ್ಕಳಿಗೂ ಎರಡು ಡೋಸ್, ಚಿಕನ್‌ಪಾಕ್ಸ್ ಬಂದಿಲ್ಲದ ದೊಡ್ಡವರಿಗೂ ಎರಡು ಡೋಸ್. ಇದು ಜೀವಂತ, ಆದರೆ ಬಲ ಕುಗ್ಗಿಸಿದ ವೈರಸ್, ಹಾಗಾಗಿ ಗರ್ಭಿಣಿಯರಿಗೆ ಕೊಡಲ್ಲ. ಸರ್ಪಸುತ್ತಿಗೆ ಬೇರೆಯೇ ಲಸಿಕೆ ಇದೆ, 50 ದಾಟಿದವರಿಗೆ. ನಮ್ಮ ದೇಶದಲ್ಲೂ ಸಿಗುತ್ತೆ, ಬೆಲೆ ಮಾತ್ರ ಕೈ ಸುಡುತ್ತೆ.

ಪಿಜಿಯಲ್ಲಿ ರೂಮ್‌ಮೇಟಿಗೆ ಇವತ್ತು ಗುಳ್ಳೆ ಎದ್ದಿದೆ, ನನಗೆ ಬಂದಿಲ್ಲ, ಈಗ ಲಸಿಕೆ ಹಾಕಿಸ್ಕೊಂಡ್ರೆ ಪ್ರಯೋಜನ ಇದೆಯಾ ಅಂತ ಒಬ್ಬರು ದಾವಣಗೆರೆಯಿಂದ ಕೇಳಿದ್ದಾರೆ. ಇದೆ. 3 ದಿನದೊಳಗೆ ಆದರೆ ಒಳ್ಳೇದು, 5 ದಿನದವರೆಗೂ ಸ್ವಲ್ಪ ಪ್ರಯೋಜನ ಇದೆ. ರೂಮ್‌ಮೇಟ್ ಕಾಂಟ್ಯಾಕ್ಟ್ ಲೆನ್ಸ್ ಹಾಕೋರಾದ್ರೆ ಅದನ್ನ ಈಗಲೇ ತೆಗೆಸಿ ಕನ್ನಡಕ ಕೊಡಿ. ಗುಳ್ಳೆ ಒಣಗಿದ ಮೇಲೂ ಡಾಕ್ಟರ್ ಕೇಳದೆ ಲೆನ್ಸ್ ಹಾಕೋದು ಬೇಡ, ಹಳೇ ಲೆನ್ಸ್, ಅದರ ಡಬ್ಬಿ ಎರಡನ್ನೂ ಬಿಸಾಕಿ.